ಅವ್ವನ ಕಿಮೋ ಮಾತ್ರೆ: ಯಾವತ್ತು ಕೊಡಬಾರದು?

ಪ್ರಶ್ನೆ: ನಮ್ಮದು ಮದ್ದೂರು ತಾಲ್ಲೂಕಿನ ಹಳ್ಳಿ. ಅವ್ವನಿಗೆ 52 ವರ್ಷ, ತೂಕ 50 ಕೆ.ಜಿ. ಕಳೆದ ವರ್ಷ ಸ್ತನದಲ್ಲಿ ಗಂಟು ಕಾಣಿಸಿಕೊಂಡು ಮೈಸೂರಿನಲ್ಲಿ ತೋರಿಸಿದೆವು. ಡ್ರಿಪ್‌ನಲ್ಲಿ ಕಿಮೋ ಕೊಟ್ಟು ಆಪರೇಷನ್ ಮಾಡಿದರು, ಕರೆಂಟೂ (ರೇಡಿಯೇಷನ್) ಆಯಿತು. ರಿಪೋರ್ಟಿನಲ್ಲಿ ‘ಟ್ರಿಪಲ್ ನೆಗೆಟಿವ್’ ಅಂತಿದೆ, ತೆಗೆದ ಭಾಗದಲ್ಲಿ ಇನ್ನೂ ಸ್ವಲ್ಪ ಕ್ಯಾನ್ಸರ್ ಉಳಿದಿತ್ತಂತೆ. ಅದಕ್ಕೆ ಈಗ ಕೆಪೆಸಿಟಾಬಿನ್ 500 ಮಾತ್ರೆ ಕೊಟ್ಟಿದ್ದಾರೆ. ಬೆಳಿಗ್ಗೆ 3, ರಾತ್ರಿ 3, 14 ದಿನ ನುಂಗಿ 7 ದಿನ ಬಿಡಬೇಕು, ಹೀಗೆ 8 ಸಲ. ಎರಡನೇ ಸಲದ 9ನೇ ದಿನ ನಡೀತಿದೆ. ಅಂಗಾಲು ಕೆಂಪಾಗಿ ಉರಿ ಅಂತಾರೆ. ಭೇದಿ ಆಗ್ತಿದ್ದದ್ದನ್ನು ನಮಗೆ ಹೇಳಿರಲೇ ಇಲ್ಲ, ನನ್ನ ಹೆಂಡತಿ ಗಮನಿಸಿ ಹೇಳಿದಳು. ಊರವರಲ್ಲಿ ಕೆಲವರು “ಬರೀ ಮಾತ್ರೆ ಕೊಟ್ಟವ್ರೆ ಅಂದ್ರೆ ವಾಸಿ ಆದಂಗೆ” ಅಂತಾರೆ, ಕೆಲವರು “ಡಾಕ್ಟ್ರು ಕೈಬಿಟ್ಟವ್ರೆ” ಅಂತಾರೆ. ಯಾವುದು ನಿಜ? ಹೆಂಡತಿ 5 ತಿಂಗಳ ಗರ್ಭಿಣಿ, ಅವಳು ಈ ಮಾತ್ರೆ ಮುಟ್ಟಬಹುದಾ? ರೇಷನ್ ಅಂಗಡಿಯಲ್ಲಿ ಅವ್ವನ ಹೆಬ್ಬೆಟ್ಟು ತಗೊಳ್ತಾ ಇಲ್ಲ, ಅದಕ್ಕೂ ಮಾತ್ರೆಗೂ ಸಂಬಂಧ ಇದೆಯಾ?

ಉತ್ತರ: ಮೊದಲು ಭೇದಿಯ ವಿಚಾರ, ಮಿಕ್ಕಿದ್ದು ಆಮೇಲೆ. ನಿಮ್ಮ ತಾಯಿಯ ಹತ್ತಿರ ಕೂತು ಮೂರು ಮಾತು ಕೇಳಿ. ಕಾಯಿಲೆಗೆ ಮುಂಚೆ ದಿನಕ್ಕೆ ಎಷ್ಟು ಸಲ ಹೋಗುತ್ತಿದ್ದರು? ನಿನ್ನೆ ಇಷ್ಟೊತ್ತಿನಿಂದ ಈಗಿನವರೆಗೆ ಎಷ್ಟು ಸಲ ಹೋದರು? ರಾತ್ರಿ ನಿದ್ದೆಯಿಂದ ಎದ್ದು ಹೋಗಬೇಕಾಯಿತೇ? ಮಾಮೂಲಿಗಿಂತ ನಾಲ್ಕು ಸಲ ಜಾಸ್ತಿ ಆಗಿದ್ದರೆ, ಅಥವಾ ರಾತ್ರಿ ಒಂದೇ ಒಂದು ಸಲ ಎದ್ದು ಹೋಗಿದ್ದರೂ ಸರಿ, ಇವತ್ತಿನ ಮಾತ್ರೆ ಕೊಡಬೇಡಿ. ಆಸ್ಪತ್ರೆಗೆ ಫೋನ್ ಮಾಡಿ “ಕೆಪೆಸಿಟಾಬಿನ್ 9ನೇ ದಿನ, ಭೇದಿ ಇಷ್ಟು ಸಲ, ಮಾತ್ರೆ ನಿಲ್ಲಿಸಿದ್ದೇವೆ” ಎಂದು ಹೇಳಿ. ಅವರು ಮತ್ತೆ ಶುರು ಮಾಡಿ ಅನ್ನುವವರೆಗೆ ಆ ಸ್ಟ್ರಿಪ್ ಮುಟ್ಟಬೇಡಿ.

ಭೇದಿಗೆ ಸಾಮಾನ್ಯವಾಗಿ ಬರೆದುಕೊಡುವುದು ಲೋಪೆರಮೈಡ್ 2 ಮಿಲಿಗ್ರಾಂ. ಮೊದಲು ಎರಡು ಮಾತ್ರೆ, ಆಮೇಲೆ ನೀರುನೀರಾಗಿ ಹೋದಾಗಲೆಲ್ಲ ಒಂದೊಂದು, 24 ಗಂಟೆಯಲ್ಲಿ ಎಂಟಕ್ಕಿಂತ ಹೆಚ್ಚು ಬೇಡ. ಜ್ವರ ಇದ್ದರೆ ಅಥವಾ ರಕ್ತ ಬಿದ್ದಿದ್ದರೆ ಮಾತ್ರ ಡಾಕ್ಟರನ್ನು ಕೇಳದೆ ಇದನ್ನು ಕೊಡಬಾರದು. ಜೊತೆಗೆ ಓ.ಆರ್.ಎಸ್. ಇಲ್ಲಿ ಒಂದು ತಪ್ಪು ಮನೆಮನೆಯಲ್ಲೂ ಆಗುತ್ತದೆ: ಒಂದು ಲೀಟರಿಗೆಂದು ಮಾಡಿದ ದೊಡ್ಡ ಪೊಟ್ಟಣವನ್ನು ಒಂದು ಲೋಟ ನೀರಿಗೆ ಸುರಿದು ಕುಡಿಸುತ್ತಾರೆ. ಅಷ್ಟು ಗಟ್ಟಿಯಾದ ಉಪ್ಪುನೀರು ಭೇದಿಯನ್ನು ಜಾಸ್ತಿ ಮಾಡುತ್ತದೆ. ಪೊಟ್ಟಣದ ಮೇಲೆ ಎಷ್ಟು ನೀರು ಅಂತ ಬರೆದಿದೆಯೋ ಅಷ್ಟನ್ನೂ ಅಳೆದು ಹಾಕಿ, ಅದೇ ದಿನ ಕುಡಿದು ಮುಗಿಸಲಿ. ಎರಡು ದಿನ ಅನ್ನದ ಗಂಜಿ, ನೀರು ಮಜ್ಜಿಗೆ, ಬಾಳೆಹಣ್ಣು ಸಾಕು. ಉಪ್ಸಾರಿನ ಖಾರ, ಹಾಲು, ಕಾಳಿನ ಸಾರು ಸದ್ಯಕ್ಕೆ ಬೇಡ.

ನಿಮ್ಮ ತಾಯಿ ಭೇದಿಯನ್ನು ಮುಚ್ಚಿಟ್ಟರಲ್ಲ, ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಕಾಳಜಿ ಹುಟ್ಟಿಸಿದ್ದು ಅದೇ. ಹೆಚ್ಚಿನ ತಾಯಂದಿರು ಹೀಗೆಯೇ ಮಾಡುತ್ತಾರೆ. ಮಗನಿಗೆ ಓಡಾಟ, ಖರ್ಚು ಅನ್ನುವುದು ಒಂದು. ಹೇಳಿದರೆ ಡಾಕ್ಟರು ಮಾತ್ರೆ ನಿಲ್ಲಿಸುತ್ತಾರೆ, ನಿಲ್ಲಿಸಿದರೆ ಕಾಯಿಲೆ ಮರಳುತ್ತದೆ ಅನ್ನುವ ಭಯ ಇನ್ನೊಂದು. ಈ ಭಯಕ್ಕೆ ಆಧಾರವಿಲ್ಲ. ನಡುವೆ ನಿಲ್ಲಿಸುವುದು, ಡೋಸ್ ಇಳಿಸುವುದು ಈ ಚಿಕಿತ್ಸೆಯ ನಿಯಮದಲ್ಲೇ ಬರೆದಿರುವ ಮಾತು. ತೊಂದರೆ ಎಷ್ಟು ಜೋರಾಗಿದೆ ಅನ್ನುವುದನ್ನು ದರ್ಜೆಗಳಲ್ಲಿ ಅಳೆಯುತ್ತಾರೆ, ದರ್ಜೆ ಏರಿದಷ್ಟೂ ತೊಂದರೆ ಹೆಚ್ಚು. ತೊಂದರೆ ಎರಡನೇ ದರ್ಜೆಗೆ ಮೊದಲ ಸಲ ಬಂದರೆ ಇಳಿಯುವವರೆಗೆ ನಿಲ್ಲಿಸಿ, ಅದೇ ಡೋಸಿನಲ್ಲಿ ಮತ್ತೆ ಶುರು. ಎರಡನೇ ಸಲ ಬಂದರೆ ಡೋಸ್ ಮುಕ್ಕಾಲಿಗೆ ಇಳಿಯುತ್ತದೆ, ಮೂರನೇ ಸಲಕ್ಕೆ ಅರ್ಧಕ್ಕೆ. ಮೂರನೇ ದರ್ಜೆಯ ತೊಂದರೆಯಾದರೆ ಮೊದಲ ಸಲಕ್ಕೇ ಮುಕ್ಕಾಲು. ಡ್ರಿಪ್ ಹಾಕುವಾಗ ಈ ಲೆಕ್ಕವನ್ನೆಲ್ಲ ನರ್ಸು, ಡಾಕ್ಟರು ನೋಡಿಕೊಳ್ಳುತ್ತಿದ್ದರು. ರೋಗಿಗೆ ಸುಸ್ತು ಕಂಡರೆ ಅವತ್ತು ಹಾಕುತ್ತಲೇ ಇರಲಿಲ್ಲ. ಮಾತ್ರೆಯಾದ ಮೇಲೆ ಆ ಕೆಲಸ ನಿಮ್ಮ ಅಡುಗೆಮನೆಗೆ ಬಂದಿದೆ. ನೆನಪಿಟ್ಟು ನುಂಗಿಸುವುದನ್ನು ಎಲ್ಲ ಮನೆಯವರೂ ಚೆನ್ನಾಗಿ ಮಾಡುತ್ತಾರೆ. ಯಾವತ್ತು ಕೊಡಬಾರದು ಅನ್ನುವುದನ್ನು ಮಾತ್ರ ಯಾರೂ ಹೇಳಿಕೊಟ್ಟಿರುವುದಿಲ್ಲ, ಅನಾಹುತ ಆಗುವುದು ಅಲ್ಲೇ.

ಇನ್ನು ಊರವರ ಮಾತು. ಎರಡೂ ಸುಳ್ಳು. ಕೆಪೆಸಿಟಾಬಿನ್ ಹೊಟ್ಟೆಗೆ ಹೋದ ಮೇಲೆ ಹಂತಹಂತವಾಗಿ ಬದಲಾಗಿ 5-ಫ್ಲೂರೋಯುರಾಸಿಲ್ ಆಗುತ್ತದೆ. ಅದು ದಶಕಗಳಿಂದ ಡ್ರಿಪ್‌ನಲ್ಲಿ ಕೊಡುತ್ತಾ ಬಂದಿರುವ ಅಪ್ಪಟ ಕಿಮೋ ಔಷಧಿ. ಕೊನೆಯ ಹಂತದ ಬದಲಾವಣೆಗೆ ಬೇಕಾದ ಕಿಣ್ವ ಗಡ್ಡೆಯ ಜೀವಕೋಶಗಳಲ್ಲಿ ಹೆಚ್ಚಾಗಿರುತ್ತದೆ, ಮಾತ್ರೆಯ ಉಪಾಯ ಇರುವುದು ಅದರಲ್ಲಿ. ಇದರಲ್ಲಿ ತಲೆಕೂದಲು ಅಷ್ಟಾಗಿ ಉದುರುವುದಿಲ್ಲ. ಹಾಗಾಗಿ ನೋಡಿದವರಿಗೆ ಇದು ಕಿಮೋ ಅಂತಲೇ ಅನ್ನಿಸುವುದಿಲ್ಲ. ನಿಮ್ಮ ತಾಯಿಯಂಥವರಿಗೆ, ಅಂದರೆ ಡ್ರಿಪ್ ಕಿಮೋ ಮುಗಿದ ಮೇಲೂ ಆಪರೇಷನ್ನಿನಲ್ಲಿ ಕ್ಯಾನ್ಸರ್ ಉಳಿದದ್ದು ಕಂಡವರಿಗೆ ಈ ಮಾತ್ರೆ ಕೊಡುವುದು ರೂಢಿಗೆ ಬಂದದ್ದು 2017ರಲ್ಲಿ ಪ್ರಕಟವಾದ ಜಪಾನ್-ಕೊರಿಯಾ ಅಧ್ಯಯನದಿಂದ. ಅದರಲ್ಲಿ 910 ಹೆಂಗಸರಿದ್ದರು. ಟ್ರಿಪಲ್ ನೆಗೆಟಿವ್ (ಎರಡು ಹಾರ್ಮೋನ್‌ಗಳ ಗ್ರಾಹಕ, ಹರ್-2 ಪ್ರೋಟೀನ್ ಈ ಮೂರರ ಪರೀಕ್ಷೆಯಲ್ಲೂ ‘ಇಲ್ಲ’ ಅಂತ ಬಂದ ಬಗೆಯ ಸ್ತನ ಕ್ಯಾನ್ಸರ್) ಇದ್ದವರನ್ನಷ್ಟೇ ತೆಗೆದುಕೊಂಡರೆ, ಐದು ವರ್ಷದ ನಂತರ ಬದುಕಿದ್ದವರು ಮಾತ್ರೆ ಪಡೆದವರಲ್ಲಿ 100ಕ್ಕೆ ಸುಮಾರು 79, ಪಡೆಯದವರಲ್ಲಿ ಸುಮಾರು 70. ಕೈಬಿಟ್ಟವರಿಗೆ ಯಾರೂ ಇದನ್ನು ಬರೆಯುವುದಿಲ್ಲ. ಅದೇ ಅಧ್ಯಯನದಲ್ಲಿ ಮಾತ್ರೆ ನುಂಗಿದವರಲ್ಲಿ 100ಕ್ಕೆ 73 ಮಂದಿಗೆ ಅಂಗೈ-ಅಂಗಾಲಿನ ತೊಂದರೆ ಬಂದಿತ್ತು. ನಿಮ್ಮ ತಾಯಿಗೆ ಆಗುತ್ತಿರುವುದು ಅಪರೂಪದ್ದೇನಲ್ಲ.

ಆರು ಮಾತ್ರೆ ಜಾಸ್ತಿಯಾಯಿತೇನೋ ಎಂಬ ಅನುಮಾನ ನಿಮಗಿದ್ದರೆ ಲೆಕ್ಕ ಹೀಗಿದೆ. ಡೋಸನ್ನು ಮೈಯ ಮೇಲ್ಮೈ ವಿಸ್ತೀರ್ಣದ ಮೇಲೆ ಕಟ್ಟುತ್ತಾರೆ. 150 ಸೆಂ.ಮೀ. ಎತ್ತರ, 50 ಕೆ.ಜಿ. ತೂಕ ಅಂದರೆ ಸುಮಾರು 1.44 ಚದರ ಮೀಟರ್. ಚದರ ಮೀಟರಿಗೆ 1000 ಮಿಲಿಗ್ರಾಂನಂತೆ ಒಂದು ಹೊತ್ತಿಗೆ 1440, ಅಂದರೆ 500ರ ಮೂರು ಮಾತ್ರೆ. ಸರಿಯಾಗಿದೆ. ಪಕ್ಕದ ಊರಿನ ಇನ್ಯಾರಿಗೋ ನಾಲ್ಕು ಕೊಟ್ಟಿರಬಹುದು, ಏಳು ದಿನ ನುಂಗಿ ಏಳು ದಿನ ಬಿಡಿ ಅಂದಿರಬಹುದು. ಹೋಲಿಸಬೇಡಿ.

ಆದರೆ ಎಣಿಕೆಯಲ್ಲಿ ಒಂದು ಗುಂಡಿ ಇದೆ. ದಿನಕ್ಕೆ 6ರಂತೆ 14 ದಿನಕ್ಕೆ 84 ಮಾತ್ರೆ. ಹತ್ತರ ಸ್ಟ್ರಿಪ್ ಆದರೆ ಅಂಗಡಿಯವರು ಕತ್ತರಿಸಿ ಕೊಡದೆ ಒಂಬತ್ತು ಸ್ಟ್ರಿಪ್ ಕೊಡುತ್ತಾರೆ. ಉಳಿಯುವುದು ಆರು, ಸರಿಯಾಗಿ ಒಂದು ದಿನದ್ದು! ಮನೆಯವರು ಅದನ್ನು ನೋಡಿ ‘ಇನ್ನೂ ಒಂದು ದಿನ ಇದೆ’ ಅಂದುಕೊಂಡು 15ನೇ ದಿನವೂ ನುಂಗಿಸುತ್ತಾರೆ. ಸ್ಟ್ರಿಪ್ ನೋಡಿ ದಿನ ಎಣಿಸಬೇಡಿ. ಗೋಡೆಯ ಕ್ಯಾಲೆಂಡರಿನಲ್ಲಿ ಮೊದಲ ದಿನಕ್ಕೂ 14ನೇ ದಿನಕ್ಕೂ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಬಿಡುವಿನ ಏಳು ದಿನಕ್ಕೆ ಅಡ್ಡಗೆರೆ ಎಳೆಯಿರಿ, ಮುಂದಿನ ಸಲ ಶುರುವಾಗುವ ದಿನವನ್ನೂ ಗುರುತು ಮಾಡಿ. ಮೊದಲ ದಿನ ರಾತ್ರಿಯಿಂದ ಶುರು ಮಾಡಿದ್ದರೆ ಮಾತ್ರ 15ನೇ ದಿನದ ಬೆಳಗಿನ ಡೋಸಿಗೆ ಮುಗಿಯುತ್ತದೆ. ನಡುವೆ ಭೇದಿಗೋ ಉರಿಗೋ ಮೂರು ದಿನ ನಿಲ್ಲಿಸಿದ್ದರೆ ಆ ಮೂರು ದಿನವನ್ನು ಕೊನೆಗೆ ಸೇರಿಸುವ ಹಾಗಿಲ್ಲ. ಹೋದ ಡೋಸ್ ಹೋಯಿತು, ಕ್ಯಾಲೆಂಡರ್ ಇದ್ದ ಹಾಗೇ ಮುಂದಕ್ಕೆ ಹೋಗುತ್ತದೆ. ಮರೆತ ಡೋಸಿಗೂ, ನುಂಗಿದ ಮೇಲೆ ವಾಂತಿಯಾದ ಡೋಸಿಗೂ ಇದೇ ನಿಯಮ. ಮುಂದಿನ ಹೊತ್ತಿಗೆ ಮಾಮೂಲಿ ಮೂರೇ ನುಂಗಬೇಕು, ಆರಲ್ಲ.

ಊಟ ಮುಗಿದ ಅರ್ಧ ಗಂಟೆಯೊಳಗೆ ನೀರಿನ ಜೊತೆ ನುಂಗಬೇಕು, ಎರಡು ಡೋಸಿನ ನಡುವೆ ಸುಮಾರು 12 ಗಂಟೆ ಇರಬೇಕು. ನಮ್ಮ ಕಡೆ ತೊಡಕಾಗುವುದು ಬೆಳಿಗ್ಗೆ. ಆರಕ್ಕೆ ಕಾಫಿ ಕುಡಿದು ಕೊಟ್ಟಿಗೆ ಕೆಲಸ ಮುಗಿಸಿ ಹತ್ತಕ್ಕೆ ಉಣ್ಣುವವರು ಆರಕ್ಕೇ ಮಾತ್ರೆ ಹಾಕಿಕೊಂಡುಬಿಡುತ್ತಾರೆ. ಕಾಫಿ, ಎರಡು ಬಿಸ್ಕತ್ತು ಊಟವಲ್ಲ. ಬೆಳಿಗ್ಗೆ ಎಂಟೂವರೆಗೆ ಇಡ್ಲಿಯೋ ಉಪ್ಪಿಟ್ಟೋ ತಿಂದು ಒಂದು ಡೋಸ್, ರಾತ್ರಿ ಎಂಟೂವರೆಗೆ ಊಟವಾಗಿ ಇನ್ನೊಂದು. ಇದು ಹೆಚ್ಚಿನ ಮನೆಗಳಿಗೆ ಹೊಂದುತ್ತದೆ.

ಈಗ ಅಂಗಾಲು. ಅಂಗೈ, ಅಂಗಾಲಿನ ಚರ್ಮಕ್ಕೆ ಒತ್ತಡ, ಉಜ್ಜಾಟ, ಬಿಸಿ ಮೂರೂ ಬೀಳುತ್ತವೆ. ಔಷಧಿಯಿಂದ ಮೊದಲೇ ಸೊರಗಿದ ಚರ್ಮ ಅಲ್ಲಿ ಮೊದಲು ಸೋಲುತ್ತದೆ. ದರ್ಜೆ ತಿಳಿಯಲು ಬಣ್ಣ ನೋಡುವುದಕ್ಕಿಂತ ಕೆಲಸ ನೋಡಿ. ಜುಮ್ಮೆನ್ನುತ್ತದೆ, ಸ್ವಲ್ಪ ಕೆಂಪಗಿದೆ, ನೋವಿಲ್ಲ, ಕೆಲಸಕ್ಕೆ ಅಡ್ಡಿಯಿಲ್ಲ ಅಂದರೆ ಮೊದಲ ದರ್ಜೆ. ಮಾತ್ರೆ ಮುಂದುವರಿಸಬಹುದು. ರವಿಕೆ ಹುಕ್ಕು ಹಾಕಿಕೊಳ್ಳುವಾಗ ಬೆರಳು ನೋಯುತ್ತದೆ, ಬಿಸಿ ಲೋಟ ಹಿಡಿಯಲಾಗದೆ ಸೆರಗಿನಲ್ಲಿ ಹಿಡಿಯುತ್ತಾರೆ, ಬಚ್ಚಲಿಗೆ ಹೋಗುವಾಗ ಹಿಮ್ಮಡಿ ಊರದೆ ಪಾದದ ಅಂಚಿನಲ್ಲಿ ನಡೆಯುತ್ತಾರೆ ಅಂದರೆ ಅದು ಎರಡನೇ ದರ್ಜೆ. ಅವತ್ತೇ ನಿಲ್ಲಿಸಿ ಫೋನ್ ಮಾಡಬೇಕು. ಬೊಬ್ಬೆ ಎದ್ದು ಒಡೆದು ಚರ್ಮ ಸುಲಿದರೆ ಮೂರನೇ ದರ್ಜೆ. ಎರಡನೆಯದರಲ್ಲಿ ನಿಲ್ಲಿಸಿದವರು ಸಾಮಾನ್ಯವಾಗಿ ಇಲ್ಲಿಗೆ ಬರುವುದಿಲ್ಲ. “ನೋವಿದೆಯಾ ಅವ್ವ” ಅಂತ ಕೇಳಿದರೆ “ಇಲ್ಲ ಬುಡು” ಅನ್ನುವ ಉತ್ತರವೇ ಬರುತ್ತದೆ. ಕೇಳಬೇಡಿ, ನಡೆಯುವಾಗ ನೋಡಿ.

ಮನೆಗೆಲಸದಲ್ಲಿ ಮೊದಲು ಬಿಡಬೇಕಾದದ್ದು ರಾಗಿಮುದ್ದೆ. ತಿನ್ನುವುದನ್ನಲ್ಲ, ಮಾಡುವುದನ್ನು. ಮುದ್ದೆ ಕೋಲನ್ನು ಎರಡೂ ಅಂಗೈಯಲ್ಲಿ ಬಿಗಿ ಹಿಡಿದು ಹಿಟ್ಟು ತಿರುವುವುದು, ಆಮೇಲೆ ಹಬೆಯಾಡುವ ಹಿಟ್ಟನ್ನು ಅಂಗೈಯಲ್ಲೇ ಉರುಳಿಸಿ ಕಟ್ಟುವುದು. ಒತ್ತಡ, ಉಜ್ಜಾಟ, ಬಿಸಿ ಮೂರೂ ಒಂದೇ ಕೆಲಸದಲ್ಲಿ ಸೇರಿಕೊಂಡಿವೆ. ಎಂಟು ಸಲ ಮುಗಿಯುವವರೆಗೆ, ಸುಮಾರು ಆರು ತಿಂಗಳು, ಮನೆಯಲ್ಲಿ ಬೇರೆ ಯಾರಾದರೂ ಮುದ್ದೆ ಕಟ್ಟಲಿ. ನೀವೇ ಕಲಿತರೆ ಇನ್ನೂ ಒಳ್ಳೆಯದು. ಬಟ್ಟೆ ಕುಕ್ಕುವುದು, ಬಿಸಿನೀರಿನಲ್ಲಿ ಪಾತ್ರೆ ತಿಕ್ಕುವುದು, ಬರಿಗಾಲಲ್ಲಿ ಬಿಸಿಲ ಕಣದಲ್ಲಿ ಓಡಾಡುವುದು, ಕಬ್ಬಿನ ಗದ್ದೆಗೆ ಇಳಿದು ಸೋಗೆಯಲ್ಲಿ ಕೊಯ್ದುಕೊಳ್ಳುವುದು ಸದ್ಯಕ್ಕೆ ಬೇಡ. ಮನೆಯೊಳಗೂ ಮೆತ್ತನೆಯ ಚಪ್ಪಲಿ ಹಾಕಲಿ. ಕಾಲುಂಗುರ, ಬಿಗಿ ಬಳೆ ಊತ ಬರುವ ಮೊದಲೇ ತೆಗೆದಿಡಿ. ಶಾಸ್ತ್ರದ ಮಾತು ಬಂದರೆ ಹಿರಿಯರೊಬ್ಬರು ಸಮಾಧಾನ ಹೇಳಲಿ.

ಸ್ನಾನಕ್ಕೆ ಉಗುರುಬೆಚ್ಚಗಿನ ನೀರು ಸಾಕು. ಉರಿ ಇದ್ದಾಗ ಕೊಡದ ತಣ್ಣೀರಿನಲ್ಲಿ ಕಾಲು ಗಂಟೆ ಪಾದ ಇಟ್ಟು, ಒತ್ತಿ ಒರೆಸಿ, ಉಜ್ಜದೆ ಕ್ರೀಮ್ ಹಚ್ಚಬೇಕು. 10 ಪರ್ಸೆಂಟ್ ಯೂರಿಯಾ ಇರುವ ಕ್ರೀಮ್ ಅಂತ ಕೇಳಿ ತನ್ನಿ, ಹೊಲಕ್ಕೆ ಹಾಕುವ ಯೂರಿಯಾಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಮನೆಯಲ್ಲಿ ಹೇಳಿಬಿಡಿ. ಬಿರುಕು ಬಿಟ್ಟ ಜಾಗಕ್ಕೆ ಅದು ಚುರುಗುಟ್ಟುತ್ತದೆ, ಅಲ್ಲಿಗೆ ಬರೀ ವ್ಯಾಸಲೀನ್ ಸಾಕು. ದೆಹಲಿಯ ಏಮ್ಸ್‌ನವರು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 1 ಪರ್ಸೆಂಟ್ ಡೈಕ್ಲೋಫಿನಾಕ್ ಜೆಲ್ಲನ್ನು ದಿನಕ್ಕೆರಡು ಸಲ ಕೈಗೆ ಹಚ್ಚಿದವರಲ್ಲಿ ಎರಡು-ಮೂರನೇ ದರ್ಜೆಯ ತೊಂದರೆ 100ಕ್ಕೆ 4 ಮಂದಿಗೆ ಮಾತ್ರ ಬಂತು. ಔಷಧಿ ಇಲ್ಲದ ಬರೀ ಜೆಲ್ ಹಚ್ಚಿದವರಲ್ಲಿ 100ಕ್ಕೆ 15 ಮಂದಿಗೆ ಬಂದಿತ್ತು. ಮಂಡಿ ನೋವಿಗೆ ಹಚ್ಚುತ್ತೇವಲ್ಲ, ಅದೇ ಅಗ್ಗದ ಜೆಲ್. ಅದು ಬರದಂತೆ ತಡೆಯಲು, ಒಡೆದ ಚರ್ಮಕ್ಕಲ್ಲ. ಮುಂದಿನ ಭೇಟಿಯಲ್ಲಿ ನಿಮ್ಮ ಡಾಕ್ಟರನ್ನು ಕೇಳಿ. ಅರಿಸಿನ, ಗೋರಂಟಿ ಹಚ್ಚಿದರೆ ಕೆಂಪು ಹೆಚ್ಚಿತೋ ಇಳಿಯಿತೋ ಯಾರಿಗೂ ಕಾಣುವುದಿಲ್ಲ, ಆ ಕಾರಣಕ್ಕೇ ಬೇಡ.

ಹೆಬ್ಬೆಟ್ಟಿಗೂ ಮಾತ್ರೆಗೂ ಸಂಬಂಧ ಇದ್ದೇ ಇದೆ. ಬೆರಳ ತುದಿಯ ಗೆರೆಗಳು ಈ ಔಷಧಿಯಿಂದ ಸವೆಯುತ್ತವೆ. ಕೈ ಉರಿ ಇಲ್ಲದವರಲ್ಲೂ ಇದು ಆಗಬಹುದು. ಚಿಕಿತ್ಸೆ ನಿಂತ ಕೆಲವು ವಾರಗಳಲ್ಲಿ ಗೆರೆ ಸಾಮಾನ್ಯವಾಗಿ ಮರಳುತ್ತವೆ. ಅಲ್ಲಿಯವರೆಗೆ ಮಷೀನಿನ ಮೇಲೆ ಬೆರಳನ್ನು ಹತ್ತು ಸಲ ಒತ್ತಿಸಿ, ಕಲ್ಲಿಗೆ ತಿಕ್ಕಿ ನೋಯಿಸಬೇಡಿ. ರೇಷನ್ ಕಾರ್ಡಿನಲ್ಲಿ ಹೆಸರಿರುವ ಮನೆಯ ಇನ್ನೊಬ್ಬರು ಬೆರಳು ಕೊಡಬಹುದು. ತಾಯಿಯ ಆಧಾರ್‌ಗೆ ಚಾಲ್ತಿಯಲ್ಲಿರುವ ಮೊಬೈಲ್ ನಂಬರ್ ಜೋಡಿಸಿದ್ದರೆ ಬ್ಯಾಂಕು, ಪಿಂಚಣಿ ಕೆಲಸಕ್ಕೆ ಓ.ಟಿ.ಪಿ. ದಾರಿ ಇರುತ್ತದೆ, ಕಣ್ಣಿನ ಪಾಪೆಯ ಗುರುತೂ ಆಧಾರ್‌ನಲ್ಲಿದೆ. ಡಾಕ್ಟರಿಂದ ಎರಡು ಸಾಲಿನ ಪತ್ರ ಬರೆಸಿಟ್ಟುಕೊಳ್ಳಿ.

ಪತ್ರದಲ್ಲಿ ನೀವು ಬರೆಯದ ಒಂದನ್ನು ನಾನೇ ಕೇಳುತ್ತೇನೆ: ಮನೆಯಲ್ಲಿ ಬೇರೆ ಯಾವ ಮಾತ್ರೆಗಳಿವೆ? ನಿಮ್ಮ ಹೆಂಡತಿಗೆ ರಕ್ತದ ಮಾತ್ರೆ ಕೊಟ್ಟಿರುತ್ತಾರೆ. ಅತ್ತೆಗೂ ಸುಸ್ತು ಅಂತ ಅದರಲ್ಲೇ ಒಂದು ಕೊಡುವುದು ಸಹಜ. ಆ ಮಾತ್ರೆಯಲ್ಲಿ ಕಬ್ಬಿಣದ ಜೊತೆ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಫೋಲಿಕ್ ಆಮ್ಲ ಕೆಪೆಸಿಟಾಬಿನ್‌ನ ವಿಷಗುಣವನ್ನು ಹೆಚ್ಚಿಸಿ ಭೇದಿ, ಬಾಯಿಹುಣ್ಣು ತರುತ್ತದೆ. ಅನೇಕ ಬಿ-ಕಾಂಪ್ಲೆಕ್ಸ್ ಮಾತ್ರೆಗಳಲ್ಲೂ ಅದಿದೆ. ಈಗಿನ ಭೇದಿಗೆ ಇದೂ ಕಾರಣವಿರಬಹುದು, ವಿಚಾರಿಸಿ. ಭೇದಿ ನಿಂತ ಮೇಲೆ ಸೊಪ್ಪಿನ ಸಾರು, ಮಸ್ಸೊಪ್ಪು ಧಾರಾಳವಾಗಿ ತಿನ್ನಲಿ, ಊಟದಲ್ಲಿರುವುದಕ್ಕೆ ಹೆದರಬೇಕಿಲ್ಲ. ರಕ್ತ ತೆಳುವಾಗಲು ವಾರ್ಫರಿನ್, ಮೂರ್ಛೆಗೆ ಫೆನಿಟಾಯಿನ್, ಯೂರಿಕ್ ಆಮ್ಲಕ್ಕೆ ಅಲೋಪ್ಯೂರಿನಾಲ್ ತೆಗೆದುಕೊಳ್ಳುವವರು ಡಾಕ್ಟರಿಗೆ ಹೇಳದೆ ಕೆಪೆಸಿಟಾಬಿನ್ ಶುರು ಮಾಡಲೇಬಾರದು.

ನಿಮ್ಮ ಹೆಂಡತಿ ಈ ಮಾತ್ರೆ ಮುಟ್ಟಬಾರದು. ತಾಯಿಯೇ ಸ್ಟ್ರಿಪ್ಪಿನಿಂದ ಬಿಚ್ಚಿಕೊಂಡು ನುಂಗಲಿ, ಇಲ್ಲವೇ ನೀವು ಗ್ಲೌಸ್ ಹಾಕಿ ಬಟ್ಟಲಿಗೆ ಹಾಕಿಕೊಡಿ, ಆಮೇಲೆ ಸೋಪಿನಲ್ಲಿ ಕೈ ತೊಳೆಯಿರಿ. ನುಂಗಲು ಕಷ್ಟ ಅಂತ ಕುಟ್ಟಿ ಪುಡಿ ಮಾಡುವುದು, ಮುರಿಯುವುದು ಕೂಡದು, ಆ ಪುಡಿ ಉಸಿರಿಗೂ ಕೈಗೂ ಹತ್ತುತ್ತದೆ. ನುಂಗುವ 14 ದಿನ ಮತ್ತು ಆಮೇಲೆ ಎರಡು ದಿನ, ವಾಂತಿ-ಭೇದಿ ಸೋಕಿದ ಬಟ್ಟೆಯನ್ನು ಬೇರೆ ಬಕೆಟ್ಟಿನಲ್ಲಿ ನೀವು ಗ್ಲೌಸ್ ಹಾಕಿಕೊಂಡು ಒಗೆಯಿರಿ, ಗರ್ಭಿಣಿ ಒಗೆಯುವುದು ಬೇಡ. ಇಷ್ಟು ಬಿಟ್ಟರೆ ಅತ್ತೆ-ಸೊಸೆ ಒಟ್ಟಿಗೆ ಕೂತು ಉಣ್ಣುವುದಕ್ಕೆ, ಮುಟ್ಟಿ ಮಾತಾಡಿಸುವುದಕ್ಕೆ ಏನೂ ಅಡ್ಡಿಯಿಲ್ಲ. ತಟ್ಟೆ ಲೋಟ ಬೇರೆ ಇಡುವ ಪದ್ಧತಿ ಕೆಲವು ಮನೆಗಳಲ್ಲಿ ಶುರುವಾಗುತ್ತದೆ, ಅದು ಬೇಕಿಲ್ಲ.

ಫೋನ್ ಮಾಡಿ ಕಾಯಬಾರದ ಸಂದರ್ಭ ಎರಡು. ಎದೆನೋವು ಅಥವಾ ಎದೆ ಹಿಡಿದಂತಾದರೆ ಅದು ಗ್ಯಾಸ್ಟ್ರಿಕ್ ಅಂದುಕೊಳ್ಳಬೇಡಿ. ಈ ಔಷಧಿ ಹೃದಯದ ರಕ್ತನಾಳಗಳನ್ನು ಸೆಳೆತಕ್ಕೆ ಒಳಪಡಿಸಬಲ್ಲದು, ಮೊದಲಿಂದ ಹೃದಯದ ಕಾಯಿಲೆ ಇಲ್ಲದವರಲ್ಲೂ. ಮಾತ್ರೆ ನಿಲ್ಲಿಸಿ, ಮಂಡ್ಯದ ಮಿಮ್ಸ್ ಆಗಲಿ ಹತ್ತಿರದ ಯಾವುದೇ ಇ.ಸಿ.ಜಿ. ಇರುವ ಆಸ್ಪತ್ರೆಯಾಗಲಿ, ಕೂಡಲೇ ಹೋಗಿ. ತುರ್ತು ವಿಭಾಗದಲ್ಲಿ ಮೊದಲ ಮಾತೇ “ಕೆಪೆಸಿಟಾಬಿನ್ ನುಂಗುತ್ತಿದ್ದಾರೆ” ಎಂದಿರಬೇಕು, ಸ್ಟ್ರಿಪ್ ಜೊತೆಗೆ ಒಯ್ಯಿರಿ. ಎರಡನೆಯದು ಜ್ವರ, 100.4 ಡಿಗ್ರಿ ಅಥವಾ ಮೇಲೆ. ಮೈ ಮುಟ್ಟಿ ನೋಡುವುದು ಸಾಲದು, ಥರ್ಮಾಮೀಟರ್ ಮನೆಯಲ್ಲಿರಲಿ. ಅಳೆಯುವ ಮೊದಲು ಪ್ಯಾರಾಸಿಟಮಾಲ್ ಕೊಟ್ಟರೆ ಜ್ವರ ಮುಚ್ಚಿಹೋಗುತ್ತದೆ, ಒಳಗಿನ ಸೋಂಕು ಬೆಳೆಯುತ್ತಿರುತ್ತದೆ. ಬಾಯಿಹುಣ್ಣು ಇಷ್ಟು ತುರ್ತಲ್ಲ. ಒಂದು ದೊಡ್ಡ ಲೋಟ ನೀರಿಗೆ ಅರ್ಧ ಚಮಚ ಉಪ್ಪು, ಅರ್ಧ ಚಮಚ ಅಡುಗೆ ಸೋಡ ಹಾಕಿ ದಿನಕ್ಕೆ ನಾಲ್ಕು ಸಲ ಮುಕ್ಕಳಿಸಲಿ. ಊಟ ನುಂಗಲು ಆಗದಷ್ಟಾದರೆ ಮಾತ್ರೆ ನಿಲ್ಲಿಸಿ.

ಇದನ್ನು ಓದುವ ಬೇರೆಯವರಿಗೆ, ಮೊದಲನೇ ಸಲ ಶುರು ಮಾಡುತ್ತಿರುವವರಿಗೆ ಒಂದು ಮಾತು. ಈ ಔಷಧಿಯನ್ನು ಕರಗಿಸುವ ಡಿ.ಪಿ.ಡಿ. ಎಂಬ ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ಕಡಿಮೆ ಇರುತ್ತದೆ. ಅಂಥವರಿಗೆ ಮೊದಲ ಕೆಲವೇ ದಿನಗಳಲ್ಲಿ ವಿಪರೀತ ಬಾಯಿಹುಣ್ಣು, ಭೇದಿ, ರಕ್ತಕಣ ಕುಸಿತ ಬಂದು ಜೀವಕ್ಕೇ ಅಪಾಯವಾಗಬಹುದು. ಶುರು ಮಾಡುವ ಮೊದಲೇ ಇದರ ರಕ್ತಪರೀಕ್ಷೆ ಬೇಕೇ ಎಂದು ಡಾಕ್ಟರನ್ನು ಕೇಳಿ.

ಕೊನೆಯದಾಗಿ ಓಡಾಟ, ಖರ್ಚು. ಪ್ರತಿ ಸಲ ಶುರು ಮಾಡುವ ಮುಂಚೆ ರಕ್ತಕಣ, ಲಿವರ್, ಕ್ರಿಯಾಟಿನಿನ್ ನೋಡಬೇಕು. ಕಿಡ್ನಿ ಕೆಲಸ ಕಮ್ಮಿಯಾಗಿದ್ದರೆ ಡೋಸ್ ಇಳಿಸಬೇಕಾಗುತ್ತದೆ. ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ, ನ್ಯೂಟ್ರೋಫಿಲ್ (ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ) 1500ಕ್ಕಿಂತ ಕೆಳಗಿದ್ದರೆ ಸಾಮಾನ್ಯವಾಗಿ ಒಂದು ವಾರ ಮುಂದೂಡುತ್ತಾರೆ. ಬಿಡುವಿನ ವಾರದ ಕೊನೆಗೆ, 19 ಅಥವಾ 20ನೇ ದಿನ ಮದ್ದೂರಿನಲ್ಲೋ ಮಂಡ್ಯದಲ್ಲೋ ರಕ್ತ ಕೊಟ್ಟು ರಿಪೋರ್ಟ್ ಹಿಡಿದುಕೊಂಡೇ ಮೈಸೂರಿಗೆ ಹೋದರೆ ಒಂದೇ ದಿನದಲ್ಲಿ ಕೆಲಸ ಮುಗಿಯುತ್ತದೆ. ಕೆಪೆಸಿಟಾಬಿನ್ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವುದರಿಂದ ಬೆಲೆಗೆ ಮಿತಿ ಇದೆ, ಆದರೂ ಒಂದು ಬ್ರ್ಯಾಂಡಿಗೂ ಇನ್ನೊಂದಕ್ಕೂ ಅಂತರವಿರುತ್ತದೆ. ಬಿ.ಪಿ.ಎಲ್. ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದ ಅಡಿ ಈ ಮಾತ್ರೆ ಸಿಗುತ್ತದೆಯೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರ ಕೌಂಟರಿನಲ್ಲಿ ವಿಚಾರಿಸಿ, ಜನೌಷಧಿ ಮಳಿಗೆಯಲ್ಲೂ ಕೇಳಿ. ಬ್ರ್ಯಾಂಡ್ ಬದಲಾದರೆ ಗಾಬರಿ ಬೇಡ, ಸ್ಟ್ರಿಪ್ ಮೇಲೆ ಕೆಪೆಸಿಟಾಬಿನ್ ಎಂಬ ಹೆಸರೂ 500 ಮಿಲಿಗ್ರಾಂ ಎಂಬ ಅಂಕಿಯೂ ಇದ್ದರೆ ಸಾಕು. ಈ ಮಾತ್ರೆ 150ರಲ್ಲೂ ಬರುತ್ತದೆ. ಡೋಸ್ ಮುಕ್ಕಾಲಿಗೆ ಇಳಿಸಿದಾಗ 500ರದು ಎರಡು, 150ರದು ಒಂದು ಅಂತ ಬರೆದುಕೊಡುವುದುಂಟು. ಆಗ ಎರಡೂ ಸ್ಟ್ರಿಪ್ಪನ್ನು ಒಂದೇ ಡಬ್ಬಿಗೆ ಹಾಕಬೇಡಿ. ಉಳಿದ ಮಾತ್ರೆಯನ್ನು ತಿಪ್ಪೆಗೂ ನಾಲೆಗೂ ಎಸೆಯದೆ ಮುಂದಿನ ಸಲ ಆಸ್ಪತ್ರೆಗೆ ಒಯ್ಯಿರಿ, ಜೊತೆಗೆ ಕ್ಯಾಲೆಂಡರಿನ ಆ ಹಾಳೆಯ ಫೋಟೋ ಕೂಡ. ಯಾವ ದಿನ ಎಷ್ಟು ಸಲ ಭೇದಿ, ಯಾವ ದಿನ ಮಾತ್ರೆ ಬಿಟ್ಟಿರಿ ಎಂದು ಅದರಲ್ಲಿ ಬರೆದಿದ್ದರೆ ಡಾಕ್ಟರು ನಿಮ್ಮ ತಾಯಿಯನ್ನು ಕೇಳುವ ಬದಲು ಅದನ್ನೇ ನೋಡುತ್ತಾರೆ.